ಎಕ್ಸ್‌ಎಂಎಲ್‌ನಲ್ಲಿ ಕನ್ನಡ ಕೆಟ್ಟಾಗ: ದೋಷ ಎಲ್ಲಿದೆ ಅಂತ ಹುಡುಕುವ ಕೈಪಿಡಿ

ಎಕ್ಸ್‌ಎಂಎಲ್ ಅಂದರೆ ಮಾಹಿತಿಯನ್ನು ಟ್ಯಾಗುಗಳ ನಡುವೆ ಇಟ್ಟು ಬರೆಯುವ ಪಠ್ಯ ಫೈಲು. ಕನ್ನಡ ಇರುವ ಇಂಥ ಫೈಲು ಒಂದು ಪ್ರೋಗ್ರಾಮಿನಿಂದ ಹೊರಟು ಇನ್ನೊಂದನ್ನು ಸೇರುವ ಹೊತ್ತಿಗೆ ಅಕ್ಷರಗಳು ಚಿಂದಿಯಾಗಿರುತ್ತವೆ. ಆಗ ಎಲ್ಲರೂ ಮೊದಲು ಬೈಯುವುದು ಫಾಂಟನ್ನು. ಪಾಪ, ಫಾಂಟಿನ ತಪ್ಪು ಇರುವುದು ತುಂಬಾ ಕಡಿಮೆ. ಫಾಂಟ್ ಇಲ್ಲದಿದ್ದರೆ ಖಾಲಿ ಚೌಕಗಳು ಕಾಣುತ್ತವೆ, ಅಷ್ಟೇ. ಬೇರೆ ಏನಾದರೂ ಕಂಡರೆ, ಹೆಚ್ಚಿನ ಸಲ ಬರೆದವರು ಒಂದು ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಬೈಟು ಅನ್ನುವ ಅಂಕಿಗಳಾಗಿಸುವ ಕ್ರಮದಲ್ಲಿ) ಬರೆದಿದ್ದಾರೆ, ಓದಿದವರು ಇನ್ನೊಂದು ಅಂದುಕೊಂಡು ಓದಿದ್ದಾರೆ. ಅದು ಯಾವ ಹಂತದಲ್ಲಿ ಆಯಿತು ಅನ್ನುವುದನ್ನು ಪರದೆ ನೋಡಿ ಊಹಿಸಲು ಹೋಗಬೇಡಿ. ಬೈಟ್ ನೋಡಿ.

ಕೈ ಹಾಕುವ ಮೊದಲು

ಮೂಲ ಫೈಲಿನ ಒಂದು ನಕಲು ತೆಗೆದು ಬದಿಗಿಡಿ. ಕೆಟ್ಟ ಫೈಲನ್ನು ನೋಟ್‌ಪ್ಯಾಡಿನಲ್ಲೋ ಎಕ್ಸೆಲ್‌ನಲ್ಲೋ ತೆರೆದು ಸುಮ್ನೆ ಸೇವ್ ಒತ್ತಬೇಡಿ. ಸರಿಪಡಿಸಬಹುದಾಗಿದ್ದ ಫೈಲು ಆ ಒಂದು ಸೇವ್‌ನಿಂದ ಶಾಶ್ವತವಾಗಿ ಹಾಳಾಗಬಹುದು. ಫೈಲಿನಲ್ಲಿ ಜನರ ಹೆಸರು, ಫೋನ್ ನಂಬರ್, ಬ್ಯಾಂಕ್ ವಿವರ ಇದ್ದರೆ ಅದನ್ನು ಆನ್‌ಲೈನ್ ಕನ್ವರ್ಟರ್ ತಾಣಗಳಿಗೆ ಅಂಟಿಸಬೇಡಿ. ಅಲ್ಲಿ ಹೋದದ್ದು ಯಾರ ಕೈಗೆ ಸಿಗುತ್ತದೆ ಅಂತ ಹೇಳಲಾಗದು.

ಬೈಟುಗಳನ್ನು ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ ನೋಡುತ್ತೇವೆ; ಅಲ್ಲಿ ಇಂಗ್ಲಿಷಿನ ಎ-ಯಿಂದ ಎಫ್‌ವರೆಗಿನ ಅಕ್ಷರಗಳೂ ಅಂಕಿಗಳೇ. ಬೈಟ್ ನೋಡುವ ಸಾಧನಕ್ಕೆ ದುಡ್ಡು ಬೇಡ. ಲಿನಕ್ಸ್, ಮ್ಯಾಕ್‌ಗಳಲ್ಲಿ ಎಕ್ಸ್‌ಎಕ್ಸ್‌ಡಿ ಇದೆ, ವಿಂಡೋಸ್ ಪವರ್‌ಶೆಲ್‌ನಲ್ಲಿ ಫಾರ್ಮ್ಯಾಟ್-ಹೆಕ್ಸ್ ಇದೆ. ಪೂರ್ತಿ ಫೈಲು ನೋಡಬೇಕಿಲ್ಲ. ಮೊದಲ ನಾಲ್ಕು ಬೈಟು, ಆಮೇಲೆ ಕೆಟ್ಟ ಅಕ್ಷರ ಇರುವ ಜಾಗ, ಎರಡೇ ಸಾಕು.

ಒಂದು ಗುರುತು ನೆನಪಿಟ್ಟುಕೊಳ್ಳಿ. ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೆ ಒಂದೊಂದು ಅಂಕಿ (ಕೋಡು) ಕೊಟ್ಟ ಪಟ್ಟಿ. ಅದರಲ್ಲಿ ಕನ್ನಡದ ಜಾಗ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ. ಆ ಕೋಡುಗಳನ್ನು ಬೈಟಾಗಿ ಬರೆಯುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಇವೆಲ್ಲ ಮೂರು ಮೂರು ಬೈಟು. ಮೊದಲ ಬೈಟು ಯಾವಾಗಲೂ ಇ0. ಎರಡನೆಯದು ಬಿ2 ಇಲ್ಲವೇ ಬಿ3. ‘ಕ’ ಅಂದರೆ ಇ0 ಬಿ2 95. ಸ್ವರ, ವ್ಯಂಜನಗಳು ಬಿ2 ಕಡೆ ಇವೆ. ಉಕಾರ, ಎಕಾರ, ಒತ್ತಕ್ಷರಕ್ಕೆ ಬೇಕಾದ ಹಲಂತ ಇವೆಲ್ಲ ಬಿ3 ಕಡೆ. ಹೆಕ್ಸ್‌ನಲ್ಲಿ ‘ಇ0 ಬಿ2, ಇ0 ಬಿ2, ಇ0 ಬಿ3’ ಅಂತ ಸಾಲಾಗಿ ಬರುತ್ತಿದ್ದರೆ ಫೈಲು ಚೆನ್ನಾಗಿದೆ. ತಪ್ಪು ಓದುವವರದ್ದು.

ಮೊದಲ ಸಾಲಿನಲ್ಲೇ ಪಾರ್ಸರ್ ನಿಂತುಬಿಡುತ್ತದೆ

ಪಾರ್ಸರ್ ಅಂದರೆ ಎಕ್ಸ್‌ಎಂಎಲ್ ಓದಿ ಬಿಡಿಸುವ ಪ್ರೋಗ್ರಾಮು. ಜಾವಾದಲ್ಲಿ ಅದರ ದೂರು ‘ಕಂಟೆಂಟ್ ಈಸ್ ನಾಟ್ ಅಲೌಡ್ ಇನ್ ಪ್ರೋಲಾಗ್’ ಅಂತ ಬರುತ್ತದೆ. ಡಾಟ್‌ನೆಟ್‌ನಲ್ಲಿ ‘ಡೇಟಾ ಅಟ್ ದ ರೂಟ್ ಲೆವೆಲ್ ಈಸ್ ಇನ್‌ವ್ಯಾಲಿಡ್, ಲೈನ್ 1, ಪೊಸಿಶನ್ 1’. ಎರಡರದ್ದೂ ಒಂದೇ ಮಾತು: ಶುರುವಿನಲ್ಲಿ ಇರಬಾರದ್ದು ಏನೋ ಇದೆ.

ಅದು ನಿಜಕ್ಕೂ ಎಕ್ಸ್‌ಎಂಎಲ್ ಹೌದೇ ಅಂತ ಮೊದಲು ನೋಡಿ. ಸರ್ವರ್ ಕಡೆಯಿಂದ ‘ಲಾಗಿನ್ ಆಗಿ’ ಅನ್ನುವ ಎಚ್‌ಟಿಎಂಎಲ್ ಪುಟ ಬಂದಿರುವುದು ಎಷ್ಟೋ ಸಲ ಇರುತ್ತದೆ. ಆಮೇಲೆ ಮೊದಲ ಬೈಟುಗಳು. 3ಸಿ 3ಎಫ್ ಇದ್ದರೆ ಡಿಕ್ಲರೇಶನ್ ಸಾಲು (ಆವೃತ್ತಿ, ಎನ್‌ಕೋಡಿಂಗ್ ಹೇಳುವ ಮೊದಲ ಸಾಲು) ಸರಿಯಾಗಿ ಶುರುವಾಗಿದೆ. 0ಎ ಇದ್ದರೆ ಮೇಲೊಂದು ಖಾಲಿ ಸಾಲು ಸೇರಿದೆ. ಡಿಕ್ಲರೇಶನ್ನಿನ ಮುಂಚೆ ಒಂದು ಸ್ಪೇಸ್ ಕೂಡ ಇರಬಾರದು. 1ಎಫ್ 8ಬಿ ಇದ್ದರೆ ಅದು ಇನ್ನೂ ಬಿಚ್ಚದ ಜಿಜಿಪ್, ಅಂದರೆ ಕುಗ್ಗಿಸಿದ ಫೈಲು. ಎಫ್‌ಎಫ್ ಎಫ್‌ಇ ಇದ್ದರೆ ಯುಟಿಎಫ್-16 ಅನ್ನುವ ಇನ್ನೊಂದು ಎನ್‌ಕೋಡಿಂಗ್.

ಇಎಫ್ ಬಿಬಿ ಬಿಎಫ್ ಇದ್ದರೆ ಅದು ಬಾಮ್, ಅಂದರೆ ಇದು ಯುಟಿಎಫ್-8 ಅಂತ ಫೈಲಿನ ಶುರುವಿನಲ್ಲೇ ಹೇಳುವ ಗುರುತು. ಅದು ಇರುವುದು ತಪ್ಪಲ್ಲ, ಬೈಟಾಗಿಯೇ ಕೊಟ್ಟರೆ ಪಾರ್ಸರ್ ತಾನೇ ನುಂಗಿಕೊಳ್ಳುತ್ತದೆ. ತೊಂದರೆ ಬರುವುದು ನೀವು ಮೊದಲು ಫೈಲನ್ನು ಸ್ಟ್ರಿಂಗ್ (ಬೈಟಿನಿಂದ ಅಕ್ಷರಕ್ಕೆ ತಿರುಗಿದ ಪಠ್ಯ) ಆಗಿ ಓದಿ ಆಮೇಲೆ ಪಾರ್ಸರಿಗೆ ಕೊಟ್ಟಾಗ. ಆಗ ಬಾಮ್ ಕಣ್ಣಿಗೆ ಕಾಣದ ಒಂದು ಅಕ್ಷರವಾಗಿ ಮುಂದೆ ಕೂತಿರುತ್ತದೆ. ಎಡಿಟರಿನಲ್ಲಿ ಎಷ್ಟು ದಿಟ್ಟಿಸಿದರೂ ಸಿಗದು. ಪರಿಹಾರ ಸುಲಭ: ಸ್ಟ್ರಿಂಗ್ ಮಾಡಬೇಡಿ, ಫೈಲನ್ನು ಬೈನರಿಯಾಗಿ ತೆರೆದು ನೇರ ಪಾರ್ಸರಿಗೆ ಕೊಡಿ. ಇಲ್ಲಿರುವ ಅರ್ಧಕ್ಕರ್ಧ ದೋಷಗಳಿಗೆ ಇದೇ ಮದ್ದು.

‘ಎನ್‌ಕೋಡಿಂಗ್ ಬದಲಿಸಲು ಆಗುತ್ತಿಲ್ಲ’ ಅನ್ನುತ್ತದೆ

ಡಿಕ್ಲರೇಶನ್ ಒಂದು ಹೇಳುತ್ತಿದೆ, ಬೈಟುಗಳು ಇನ್ನೊಂದು ಹೇಳುತ್ತಿವೆ. ಡಾಟ್‌ನೆಟ್‌ನ ಸ್ಟ್ರಿಂಗ್‌ರೈಟರ್ ಬಳಸಿ ಎಕ್ಸ್‌ಎಂಎಲ್ ಬರೆದರೆ ಅದು ಯುಟಿಎಫ್-16 ಅಂತ ಘೋಷಿಸಿಕೊಳ್ಳುತ್ತದೆ. ಆ ಸ್ಟ್ರಿಂಗನ್ನು ನೀವು ಯುಟಿಎಫ್-8 ಫೈಲಾಗಿ ಉಳಿಸಿದರೆ ಜಗಳ ಶುರು. ಉಲ್ಟಾ ಕೂಡ ಆಗುತ್ತದೆ. ವಿಂಡೋಸ್ ಜೊತೆ ಬರುವ ಹಳೆಯ ಪವರ್‌ಶೆಲ್ 5.1ರಲ್ಲಿ ಬಾಣದ ಗುರುತು (>) ಹಾಕಿ ಫೈಲಿಗೆ ಕಳಿಸಿದರೆ ಅದು ಯುಟಿಎಫ್-16 ಆಗಿ ಕೂರುತ್ತದೆ, ಒಳಗಿನ ಸಾಲು ಮಾತ್ರ ಯುಟಿಎಫ್-8 ಅನ್ನುತ್ತಿರುತ್ತದೆ. ಪೈಥಾನ್‌ನ ಎಲ್‌ಎಕ್ಸ್‌ಎಂಎಲ್ ಲೈಬ್ರರಿ ಇನ್ನೂ ಕಟ್ಟುನಿಟ್ಟು. ಡಿಕ್ಲರೇಶನ್ನಿನಲ್ಲಿ ಎನ್‌ಕೋಡಿಂಗ್ ಹೆಸರಿರುವ ಸ್ಟ್ರಿಂಗ್ ಕೊಟ್ಟರೆ ಮುಟ್ಟುವುದೇ ಇಲ್ಲ, ಬೈಟ್ ಕೊಡಿ ಅನ್ನುತ್ತದೆ. ಅದು ಕೇಳುವುದು ಸರಿಯಾಗೇ ಇದೆ.

ಇಲ್ಲಿ ಒಂದು ಎಚ್ಚರಿಕೆ. ಡಿಕ್ಲರೇಶನ್ನಿನಲ್ಲಿ ಹೆಸರು ಬದಲಿಸಿದರೆ ಬೈಟುಗಳು ಬದಲಾಗುವುದಿಲ್ಲ. ಎನ್‌ಕೋಡಿಂಗ್ ಬದಲಿಸುವ ಐಕಾನ್ವ್ ಸಾಧನ ಓಡಿಸಿ ಬೈಟು ಬದಲಿಸಿದರೆ ಡಿಕ್ಲರೇಶನ್ ಬದಲಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಬೇಕು. ಇದನ್ನು ಮರೆತಾಗಲೇ ಮುಂದಿನ ಲಕ್ಷಣ ಜಾಸ್ತಿ ಕಾಣಿಸಿಕೊಳ್ಳುವುದು.

ಕನ್ನಡದ ಬದಲು ಗೀಟು ಹೊತ್ತ ರೋಮನ್ ಅಕ್ಷರಗಳ ಮೆರವಣಿಗೆ

ಎಲ್ಲರೂ ಕಂಡಿರುವ ಲಕ್ಷಣ. ತಲೆ ಮೇಲೆ ಓರೆ ಗೀಟಿರುವ ಸಣ್ಣ ‘ಎ’ (à), ಪಕ್ಕದಲ್ಲಿ ಮೇಲಕ್ಕೆ ಎತ್ತಿ ಬರೆದ ಪುಟ್ಟ 2 ಅಥವಾ 3, ಆಮೇಲೆ ಏನೋ ಒಂದು ಚುಕ್ಕಿಯೋ ಕೊಂಡಿಯೋ. ಮತ್ತೆ ಅದೇ. ಯಾಕೆ ಗೊತ್ತಾ? ಇ0 ಬೈಟನ್ನು ವಿಂಡೋಸ್-1252 ಅನ್ನುವ ಹಳೆಯ ಎನ್‌ಕೋಡಿಂಗ್‌ನಲ್ಲಿ ಓದಿದರೆ ಆ ‘ಎ’, ಬಿ2 ಓದಿದರೆ ಪುಟ್ಟ 2, ಬಿ3 ಓದಿದರೆ ಪುಟ್ಟ 3. ಯುಟಿಎಫ್-8 ಕನ್ನಡವನ್ನು ಯಾರೋ ಪಶ್ಚಿಮ ಯುರೋಪಿನ ಪಠ್ಯ ಅಂದುಕೊಂಡು ಓದಿದ್ದಾರೆ.

ಈಗ ಬೈಟ್ ನೋಡಿ. ಫೈಲಿನೊಳಗೆ ಇ0 ಬಿ2 95 ಹಾಗೇ ಇದ್ದರೆ ಖುಷಿಪಡಿ, ತೋರಿಸುವ ಕಡೆ ಮಾತ್ರ ತಪ್ಪಿದೆ. ಡಿಕ್ಲರೇಶನ್ನಿನಲ್ಲಿ ಐಎಸ್‌ಒ-8859-1 (ವಿಂಡೋಸ್-1252ರ ಹತ್ತಿರದ ಸಂಬಂಧಿ) ಅಂತ ಉಳಿದಿದೆಯೇ ನೋಡಿ. ವೆಬ್‌ನಿಂದ ಬಂದ ಫೈಲಾದರೆ ಸರ್ವರ್ ಅದರ ಜೊತೆ ಕಳಿಸುವ ಎಚ್‌ಟಿಟಿಪಿ ಹೆಡರಿನಲ್ಲಿ ಎನ್‌ಕೋಡಿಂಗ್ ಹೇಳುವ ಕ್ಯಾರ್‌ಸೆಟ್ ನೋಡಿ. ಎಕ್ಸ್‌ಎಂಎಲ್ ಕಳಿಸುವ ಬಗೆಗಿನ 2014ರ ಮಾನದಂಡ ಆರ್‌ಎಫ್‌ಸಿ 7303ರ ಪ್ರಕಾರ ನಂಬಬೇಕಾದದ್ದು ಮೊದಲು ಬಾಮ್, ಆಮೇಲೆ ಹೆಡರು, ಕೊನೆಗೆ ಡಿಕ್ಲರೇಶನ್. ಹೆಡರು ಸುಳ್ಳು ಹೇಳಿದರೆ ಒಳಗಿನ ಸಾಲು ಎಷ್ಟೇ ಸರಿ ಇದ್ದರೂ ಸೋಲುತ್ತದೆ.

ಫೈಲಿನೊಳಗೇ ಸಿ3 ಎ0 ಸಿ2 ಬಿ2 ಕಂಡರೆ ಕೆಟ್ಟದ್ದು ಒಳಗೇ ಉಳಿದಿದೆ. ತಪ್ಪಾಗಿ ಓದಿದ್ದನ್ನು ಮತ್ತೆ ಯುಟಿಎಫ್-8 ಆಗಿ ಬರೆದಿದ್ದಾರೆ. ಮೂರು ಬೈಟಿನ ‘ಕ’ ಏಳು ಬೈಟಾಗಿದ್ದರೆ, ಅಂದರೆ ಸಿ3 ಎ0 ಸಿ2 ಬಿ2 ಇ2 80 ಎ2 ಇದ್ದರೆ, ನಡುವೆ ಬಂದದ್ದು ವಿಂಡೋಸ್-1252. ಆರು ಬೈಟಾಗಿದ್ದು ಕೊನೆಯಲ್ಲಿ ಸಿ2 95 ಇದ್ದರೆ ಐಎಸ್‌ಒ-8859-1. ಫೈಲಿನ ಗಾತ್ರ ಇದ್ದಕ್ಕಿದ್ದಂತೆ ಎರಡು ಪಟ್ಟು ಆಗಿದ್ದರೂ ಇದೇ ಅನುಮಾನ ಪಡಿ.

ವಾಪಸ್ ತರುವ ದಾರಿ: ಯುಟಿಎಫ್-8 ಅಂತ ಓದಿ, ಬಂದ ಪಠ್ಯವನ್ನು ನಡುವೆ ನುಗ್ಗಿದ ಎನ್‌ಕೋಡಿಂಗ್‌ಗೆ ಬರೆಯಿರಿ, ಸಿಕ್ಕ ಬೈಟುಗಳನ್ನು ಮತ್ತೆ ಯುಟಿಎಫ್-8 ಅಂತ ಓದಿ. ಐಎಸ್‌ಒ-8859-1 ಆದರೆ ಪೂರ್ತಿ ವಾಪಸ್ ಬರುತ್ತದೆ. ವಿಂಡೋಸ್-1252 ಆದರೆ ಕನ್ನಡಕ್ಕೆ ಒಂದು ದೊಡ್ಡ ಗಂಡಾಂತರ ಇದೆ. ಆ ಪಟ್ಟಿಯಲ್ಲಿ ಐದು ಬೈಟುಗಳಿಗೆ ಅಕ್ಷರವೇ ಇಲ್ಲ: 81, 8ಡಿ, 8ಎಫ್, 90, 9ಡಿ. ನಮ್ಮ ಉಕಾರ ಇ0 ಬಿ3 81. ಹಲಂತ ಇ0 ಬಿ3 8ಡಿ. ‘ಏ’, ‘ಐ’, ‘ಝ’ಗಳ ಕೊನೆಯ ಬೈಟು ಕ್ರಮವಾಗಿ 8ಎಫ್, 90, 9ಡಿ. ಅಂದರೆ ಪ್ರತಿ ಒತ್ತಕ್ಷರ, ಪ್ರತಿ ಉಕಾರ ಆ ಗುಂಡಿಗೇ ಬೀಳುತ್ತದೆ. ಇವಿಲ್ಲದೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಆಗುತ್ತದೆಯೇ?

ಕೆಲವು ಪ್ರೋಗ್ರಾಮುಗಳು ಆ ಐದನ್ನು ಕಾಣದ ನಿಯಂತ್ರಣ ಅಕ್ಷರಗಳಾಗಿ ಹಾಗೇ ಉಳಿಸುತ್ತವೆ. ಆಗ ಫೈಲಿನಲ್ಲಿ ಸಿ2 8ಡಿ, ಸಿ2 81 ಸಿಗುತ್ತವೆ. ಪೈಥಾನ್‌ನ ಸಿಪಿ1252 (ವಿಂಡೋಸ್-1252ಕ್ಕೆ ಅಲ್ಲಿರುವ ಹೆಸರು) ಇವನ್ನು ಬರೆಯಲು ಒಪ್ಪುವುದಿಲ್ಲ. ಆ ಐದಕ್ಕೆ ಮಾತ್ರ ನೀವೇ ಒಂದು ಪುಟ್ಟ ಪಟ್ಟಿ ಕೊಟ್ಟರೆ ಪೂರ್ತಿ ವಾಪಸ್ ಬರುತ್ತದೆ. ಜಾವಾ ಹಾಗಲ್ಲ, ಅದು ಐದನ್ನೂ ಒಂದೇ ಬದಲಿ ಗುರುತಿಗೆ ತಳ್ಳುತ್ತದೆ. ಆಗ ಇಎಫ್ ಬಿಎಫ್ ಬಿಡಿ ಕಾಣುತ್ತದೆ. ಅಲ್ಲಿಗೆ ‘ಕನ್ನಡ’ವೂ ‘ಕನುನಡ’ವೂ ಬೈಟಿನಲ್ಲಿ ಒಂದೇ. ಸಾಮಾನ್ಯ ಪದಗಳಾದರೆ ನಿಘಂಟು ಇಟ್ಟುಕೊಂಡು ಊಹಿಸಬಹುದು. ಜನರ ಹೆಸರು, ಊರಿನ ಹೆಸರು, ಸರ್ವೆ ದಾಖಲೆ ಇದ್ದರೆ ಊಹೆ ಮಾಡಲೇಬೇಡಿ. ಮೂಲದಿಂದ ಹೊಸದಾಗಿ ತೆಗೆಸಿ.

ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಸರ್ವರಿನಲ್ಲಿ ಓಡುವುದಿಲ್ಲ

ಕೋಡಿನಲ್ಲಿ ಎನ್‌ಕೋಡಿಂಗ್ ಹೆಸರೇ ಹೇಳಿಲ್ಲ, ಯಂತ್ರದ ಡಿಫಾಲ್ಟನ್ನು ನಂಬಿದ್ದೀರಿ. ವಿಂಡೋಸ್‌ನಲ್ಲಿ ಪೈಥಾನ್ ‘ಚಾರ್‌ಮ್ಯಾಪ್ ಕೋಡೆಕ್ ಕಾಂಟ್ ಡಿಕೋಡ್ ಬೈಟ್ 0ಎಕ್ಸ್8ಡಿ’ ಅಂದರೆ ಆ 8ಡಿ ಯಾರು ಅಂತ ಈಗ ಗೊತ್ತಾಯಿತಲ್ಲ. ಫೈಲಿನ ಮೊದಲ ಒತ್ತಕ್ಷರಕ್ಕೇ ಅದು ಎಡವಿದೆ. 81 ಅಂದರೆ ಉಕಾರಕ್ಕೆ. ತಪ್ಪು ಫೈಲಿನದ್ದಲ್ಲ, ತೆರೆಯುವಾಗ ಯುಟಿಎಫ್-8 ಅಂತ ಹೇಳಲಿಲ್ಲ ಅಷ್ಟೇ. ಜಾವಾ 18ರಿಂದ, ಅಂದರೆ 2022ರ ಮಾರ್ಚ್‌ನಿಂದ, ಡಿಫಾಲ್ಟ್ ಯುಟಿಎಫ್-8 ಆಗಿದೆ. ಅದಕ್ಕಿಂತ ಹಳೆಯದಾದರೆ ಯಂತ್ರ ಹೇಳಿದ್ದೇ ಡಿಫಾಲ್ಟ್. ಹೊಸ ಜಾವಾಗೆ ಬಂದ ಮೇಲೆ ಹಳೆಯ ಫೈಲುಗಳು ಕೆಟ್ಟಂತೆ ಕಂಡರೂ ಕಾರಣ ಇದೇ.

‘ಇನ್‌ವ್ಯಾಲಿಡ್ ಬೈಟ್’ ಅಂತ ನಡುವೆ ನಿಲ್ಲುತ್ತದೆ

ಜಾವಾದಲ್ಲಿ ‘ಇನ್‌ವ್ಯಾಲಿಡ್ ಬೈಟ್ 2 ಆಫ್ 3-ಬೈಟ್ ಯುಟಿಎಫ್-8 ಸೀಕ್ವೆನ್ಸ್’, ಲಿಬ್‌ಎಕ್ಸ್‌ಎಂಎಲ್‌ನಲ್ಲಿ ‘ಇನ್‌ಪುಟ್ ಈಸ್ ನಾಟ್ ಪ್ರಾಪರ್ ಯುಟಿಎಫ್-8’. ಎರಡನೆಯದು ಪುಣ್ಯಕ್ಕೆ ತಪ್ಪು ಬೈಟುಗಳನ್ನೂ ತೋರಿಸುತ್ತದೆ. ಅಲ್ಲಿ 91ರಿಂದ 97ರೊಳಗಿನ ಒಂಟಿ ಬೈಟು ಸಿಕ್ಕರೆ ವರ್ಡ್‌ನಿಂದ ಅಂಟಿಸಿದ ಡೊಂಕು ಉದ್ಧರಣ ಚಿಹ್ನೆಯೋ ದಪ್ಪ ಚುಕ್ಕಿಯೋ ಉದ್ದ ಗೆರೆಯೋ ಆಗಿರುತ್ತದೆ. ಯುಟಿಎಫ್-8 ಫೈಲಿನೊಳಗೆ ವಿಂಡೋಸ್-1252ರ ತುಂಡೊಂದು ಸೇರಿದೆ. ಪೂರ್ತಿ ಫೈಲನ್ನು ಬದಲಿಸಲು ಹೋದರೆ ಚೆನ್ನಾಗಿರುವ ಕನ್ನಡವೂ ಕೆಡುತ್ತದೆ. ಆ ತುಂಡು ಎಲ್ಲಿಂದ ಬಂತೋ ಅಲ್ಲಿ ಸರಿಮಾಡಿ.

ಇ0 ಬಿ2 ಆದ ಮೇಲೆ ಮೂರನೇ ಬೈಟೇ ಇಲ್ಲದೆ ಟ್ಯಾಗ್ ಶುರುವಾಗಿದ್ದರೆ ಯಾರೋ ಬೈಟ್ ಎಣಿಸಿ ಕತ್ತರಿಸಿದ್ದಾರೆ. 100 ಬೈಟಿನ ಕಾಲಂನಲ್ಲಿ ಕನ್ನಡದ 33 ಕೋಡುಗಳಷ್ಟೇ ಹಿಡಿಯುತ್ತವೆ, 34ನೆಯದು ಅರ್ಧಕ್ಕೆ ನಿಲ್ಲುತ್ತದೆ.

ಈ ಹಂತದಲ್ಲಿ ಜನ ಪಾರ್ಸರಿನ ರಿಕವರ್ ಮೋಡ್ (ತಪ್ಪು ಸಿಕ್ಕರೂ ದಾಟಿ ಓದುವ ಆಯ್ಕೆ) ಹಾಕುತ್ತಾರೆ, ಇಲ್ಲವೇ ‘ಇಗ್ನೋರ್’ ಕೊಟ್ಟು ಮುಂದೆ ಹೋಗುತ್ತಾರೆ. ಬೇಡ. ದೂರು ನಿಲ್ಲುತ್ತದೆ, ಪಠ್ಯ ಸದ್ದಿಲ್ಲದೆ ಕಳೆಯುತ್ತದೆ. ಎಲ್ಲೋ ಸಿಕ್ಕ ಸೆಟ್ಟಿಂಗ್ ಅಂಟಿಸುವಾಗ ಹೊರಗಿನ ಎಂಟಿಟಿಗಳನ್ನು (ಬೇರೆ ಫೈಲುಗಳನ್ನು ಒಳಗೆಳೆಯುವ ಉಲ್ಲೇಖಗಳನ್ನು) ತೆರೆಯುವ ಆಯ್ಕೆ ಆನ್ ಆಗಿದೆಯೇ ಅಂತಲೂ ನೋಡಿ. ಅದು ಆನ್ ಇದ್ದರೆ ಹೊರಗಿನವರು ಕಳಿಸಿದ ಎಕ್ಸ್‌ಎಂಎಲ್ ನಿಮ್ಮ ಸರ್ವರಿನ ಫೈಲುಗಳನ್ನು ಓದಬಲ್ಲದು.

ದೊಡ್ಡ ಫೈಲಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಮಾತ್ರ ಕೆಟ್ಟಿದೆ

ಚಿಕ್ಕ ಫೈಲಿನಲ್ಲಿ ಏನೂ ತೊಂದರೆ ಇಲ್ಲ. ದೊಡ್ಡದರಲ್ಲಿ ಅಪರೂಪಕ್ಕೆ ಒಂದು ಅಕ್ಷರ ಹೋಗುತ್ತದೆ. ಕೆಟ್ಟ ಜಾಗಗಳ ಬೈಟ್ ಸ್ಥಾನ ಬರೆದುಕೊಳ್ಳಿ. ಅವು 4096ರ ಅಥವಾ 8192ರ ಗುಣಕಗಳ ಆಸುಪಾಸಿನಲ್ಲಿದ್ದರೆ ಕಳ್ಳ ಸಿಕ್ಕ. ಫೈಲನ್ನು ತುಂಡು ತುಂಡಾಗಿ ಓದಿ, ಪ್ರತಿ ತುಂಡನ್ನೂ ಬೇರೆ ಬೇರೆ ಡಿಕೋಡ್ ಮಾಡುತ್ತಿದ್ದಾರೆ, ಅಂದರೆ ಬೈಟಿನಿಂದ ಅಕ್ಷರಕ್ಕೆ ತಿರುಗಿಸುತ್ತಿದ್ದಾರೆ. 4096ನ್ನು ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ಅದಕ್ಕೇ ಗಡಿಯಲ್ಲಿ ಅಕ್ಷರ ಸೀಳುತ್ತದೆ. ಬಫರ್, ಅಂದರೆ ಒಂದು ಸಲಕ್ಕೆ ಓದುವ ತುಂಡು, ದೊಡ್ಡದು ಮಾಡಿದರೆ ದೋಷ ಅಪರೂಪವಾಗುತ್ತದೆ, ಹೋಗುವುದಿಲ್ಲ. ತುಂಡುಗಳ ನಡುವೆ ನೆನಪಿಟ್ಟುಕೊಳ್ಳುವ ಡಿಕೋಡರ್ ಬಳಸಿ, ಅಥವಾ ಬೈಟುಗಳನ್ನೇ ಪಾರ್ಸರಿಗೆ ಉಣಿಸಿ.

ಬರೀ ಪ್ರಶ್ನಾರ್ಥಕ ಚಿಹ್ನೆಗಳು

ಎಣಿಸಿ. ‘ಕನ್ನಡ’ ಅನ್ನುವ ಪದದಲ್ಲಿ ಯೂನಿಕೋಡ್ ಲೆಕ್ಕದಲ್ಲಿ ಐದು ಕೋಡುಗಳಿವೆ: ಕ, ನ, ಹಲಂತ, ನ, ಡ. ಬೈಟು ಹದಿನೈದು. ಅದರ ಜಾಗದಲ್ಲಿ ಐದು ಪ್ರಶ್ನೆ ಚಿಹ್ನೆ ಇದ್ದರೆ ಬರೆಯುವವರು ಕೆಡಿಸಿದ್ದಾರೆ. ಅವರ ಬಳಿ ಸರಿಯಾದ ಪಠ್ಯ ಇತ್ತು, ಕನ್ನಡ ಇಲ್ಲದ ಎನ್‌ಕೋಡಿಂಗ್‌ಗೆ ಬರೆದರು. ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸಿನಲ್ಲಿ ಯೂನಿಕೋಡ್ ಹಿಡಿಯುವ ಎನ್‌ವಾರ್‌ಕ್ಯಾರ್ ಕಾಲಂ ಬದಲು ವಾರ್‌ಕ್ಯಾರ್ ಇಟ್ಟರೆ ಆಗುವುದು ಇದೇ. ಹದಿನೈದು ಇದ್ದರೆ ಓದುವವರು ಬೈಟುಗಳನ್ನು ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಆಸ್ಕಿ ಅಂದುಕೊಂಡಿದ್ದಾರೆ. ಆಗ ಹಿಂದಿನ ಹಂತದ ಫೈಲಿನಲ್ಲಿ ಕನ್ನಡ ಇನ್ನೂ ಬದುಕಿರುವ ಸಾಧ್ಯತೆ ಜಾಸ್ತಿ, ಹೋಗಿ ನೋಡಿ.

ಫೈಲಿನ ಬೈಟಿನಲ್ಲೇ 3ಎಫ್ 3ಎಫ್ 3ಎಫ್ ಇದ್ದರೆ ಅಲ್ಲಿಗೆ ನಿಲ್ಲಿಸಿ. ಯಾವ ಸಾಧನವೂ ಅದರಿಂದ ಕನ್ನಡ ತೆಗೆಯಲಾರದು. ತೆಗೆದುಕೊಡುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ಕನ್ನಡ ಸರಿ ಇದ್ದು ಇಮೋಜಿ ಮಾತ್ರ ಹೋಗುತ್ತಿದ್ದರೆ ಮೈಎಸ್‌ಕ್ಯೂಎಲ್‌ನ ಹಳೆಯ ‘ಯುಟಿಎಫ್8’ ನೋಡಿ. ಅದು ಮೂರು ಬೈಟಿಗೇ ನಿಲ್ಲುತ್ತದೆ. ಯುಟಿಎಫ್8ಎಂಬಿ4 ಮಾಡಿ.

ದೊಡ್ಡ ಪಿ, ಗೀಟಿನ ದೊಡ್ಡ ಎ, ಪೌಂಡ್ ಗುರುತು

ಇದು ಮೇಲಿನ ಮೆರವಣಿಗೆಯಂತೆ ಕಂಡರೂ ಬೇರೆಯೇ ರೋಗ. ಪುಟ್ಟ 2, 3 ಇಲ್ಲಿ ಮತ್ತೆ ಮತ್ತೆ ಬರುವುದಿಲ್ಲ. ಇದು ‘ನುಡಿ’, ‘ಬರಹ’ ತಂತ್ರಾಂಶಗಳ ಕಾಲದ ಹಳೆಯ ಆಸ್ಕಿ ಫಾಂಟಿನ ಪಠ್ಯ. ಪಿ ಮತ್ತು ಗೀಟಿನ ಎ (PÀ) ಸೇರಿದರೆ ‘ಕ’. ಅಲ್ಲಿ ಕೋಡುಗಳು ಅಕ್ಷರಗಳದ್ದಲ್ಲ, ಅಕ್ಷರದ ಚೂರುಗಳದ್ದು. ಐಕಾನ್ವ್‌ಗೆ ಇದು ಅರ್ಥವಾಗುವುದಿಲ್ಲ, ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಕನ್ನಡದ ಪರಿವರ್ತಕವೇ ಬೇಕು.

ಆ ಪರಿವರ್ತಕಕ್ಕೆ ಪೂರ್ತಿ ಎಕ್ಸ್‌ಎಂಎಲ್ ಫೈಲು ಮಾತ್ರ ಕೊಡಬೇಡಿ. ಟ್ಯಾಗಿನ ಇಂಗ್ಲಿಷ್ ಅಕ್ಷರಗಳನ್ನೂ ಅದು ಕನ್ನಡವಾಗಿಸಿ ಕೂರುತ್ತದೆ. ಪಾರ್ಸರಿನಿಂದ ಓದಿ, ಪಠ್ಯದ ಭಾಗಗಳನ್ನಷ್ಟೇ ಒಂದೊಂದಾಗಿ ಬದಲಿಸಿ, ಮತ್ತೆ ಪಾರ್ಸರಿನಿಂದಲೇ ಬರೆಸಿ. ಪಠ್ಯದೊಳಗೇ ನಿಜವಾದ ಇಂಗ್ಲಿಷ್ ಪದಗಳು ಬೆರೆತಿದ್ದರೆ ಕೈಯಿಂದ ನೋಡದೆ ವಿಧಿಯಿಲ್ಲ.

‘ಕ’ ಅಂತ ಅಂಕಿಗಳು ಕಾಣುತ್ತವೆ

ದೋಷವೇ ಅಲ್ಲ. 3221 ಅಂದರೆ ಹತ್ತರ ಎಣಿಕೆಯಲ್ಲಿ ‘ಕ’ದ ಕೋಡು. ಪೈಥಾನ್‌ನ ಎಲಿಮೆಂಟ್‌ಟ್ರೀಗೆ ಎನ್‌ಕೋಡಿಂಗ್ ಹೇಳದಿದ್ದರೆ ಆಸ್ಕಿಯಲ್ಲಿ ಹೀಗೆ ಬರೆಯುತ್ತದೆ. ಯಾವ ಪಾರ್ಸರ್ ಓದಿದರೂ ಕನ್ನಡವೇ ಬರುತ್ತದೆ. ಓದಿದ ಮೇಲೂ ಅಂಕಿಗಳೇ ಉಳಿದರೆ ಮಾತ್ರ ಚಿಂತೆ. ಆಗ ಶುರುವಿನ ಆಂಪರ್‌ಸ್ಯಾಂಡನ್ನು ಯಾರೋ ಇನ್ನೊಮ್ಮೆ ಎಸ್ಕೇಪ್ ಮಾಡಿದ್ದಾರೆ, ಅಂದರೆ ‘&’ ಜಾಗದಲ್ಲಿ ‘&’ ಬರೆದಿದ್ದಾರೆ. ಇದರ ಸೋದರ ಸಂಬಂಧಿ ‘’. ಎಕ್ಸ್‌ಎಂಎಲ್ 1.0ರಲ್ಲಿ ಟ್ಯಾಬ್ ಮತ್ತು ಸಾಲು ಮುರಿಯುವ ಎರಡನ್ನು ಬಿಟ್ಟರೆ 32ಕ್ಕಿಂತ ಕೆಳಗಿನ ಯಾವ ಕೋಡಿಗೂ ಜಾಗ ಇಲ್ಲ, ಅಂಕಿಯಾಗಿ ಬರೆದರೂ ಇಲ್ಲ. ಬರೆಯುವ ಮುಂಚೆಯೇ ತೆಗೆಯಿರಿ.

ಕಣ್ಣಿಗೆ ಸರಿ ಇದೆ, ಹುಡುಕಿದರೆ ಸಿಗುವುದಿಲ್ಲ

‘ಕೋ’ದ ಓಕಾರವನ್ನು ಒಂದೇ ಕೋಡಾಗಿ ಬರೆಯಬಹುದು, ಮೂರು ಚೂರಾಗಿಯೂ ಬರೆಯಬಹುದು. ಪರದೆ ಮೇಲೆ ವ್ಯತ್ಯಾಸ ಇಲ್ಲ. ಹೋಲಿಸುವ ಮುಂಚೆ ಎರಡೂ ಕಡೆ ಎನ್‌ಎಫ್‌ಸಿ ನಾರ್ಮಲೈಸ್ ಮಾಡಿ, ಅಂದರೆ ಚೂರುಗಳನ್ನು ಒಂದೇ ಕೋಡಾಗಿ ಕೂಡಿಸಿ. ಆದರೆ ಜೀರೋ ವಿಡ್ತ್ ಜಾಯಿನರ್ ಅನ್ನುವ ಕಣ್ಣಿಗೆ ಕಾಣದ ಕೋಡನ್ನು ಕಸ ಅಂತ ಒರೆಸಬೇಡಿ. ‘ರ‍್ಯಾಂಕ್’ ಅನ್ನುವಲ್ಲಿ ‘ರ’ ಪೂರ್ತಿ ರೂಪದಲ್ಲಿ ನಿಂತಿರುವುದು ಅದರ ಬಲದಿಂದ. ತೆಗೆದರೆ ಅರ್ಕಾವತ್ತಾಗಿ ಪಕ್ಕಕ್ಕೆ ಹೋಗುತ್ತದೆ.

ಯಾವಾಗ ಕೈ ಬಿಟ್ಟು ಕೇಳಬೇಕು

ಫೈಲಿಗೆ ಡಿಜಿಟಲ್ ಸಹಿ ಇದ್ದರೆ ಅಥವಾ ಪಕ್ಕದಲ್ಲೊಂದು ಹ್ಯಾಶ್ (ಫೈಲು ಬದಲಾಗಿಲ್ಲ ಅಂತ ತಾಳೆ ನೋಡುವ ಸಂಖ್ಯೆ) ಬಂದಿದ್ದರೆ ನೀವಾಗಿ ಒಂದು ಬೈಟನ್ನೂ ಮುಟ್ಟಬೇಡಿ, ಕಳಿಸಿದವರಿಗೇ ಹೇಳಿ. ಡೇಟಾಬೇಸಿನೊಳಗೆ ಅರ್ಧ ಸರಿ, ಅರ್ಧ ಎರಡು ಸಲ ಎನ್‌ಕೋಡ್ ಆದ ಸಾಲುಗಳು ಬೆರೆತಿದ್ದರೆ ಒಂದೇ ಹೊಡೆತಕ್ಕೆ ಎಲ್ಲವನ್ನೂ ತಿರುಗಿಸುವ ಸ್ಕ್ರಿಪ್ಟ್ ಓಡಿಸಬೇಡಿ, ಸರಿ ಇದ್ದದ್ದೂ ಕೆಡುತ್ತದೆ. ಬ್ಯಾಕಪ್ ನೋಡಿಕೊಳ್ಳುವವರನ್ನು ಮೊದಲು ಕೂರಿಸಿಕೊಳ್ಳಿ.

ಕೇಳುವಾಗ ಸ್ಕ್ರೀನ್‌ಶಾಟ್ ಕಳಿಸಿದರೆ ಯಾರಿಗೂ ಏನೂ ತಿಳಿಯದು. ಹೀಗೆ ಕಳಿಸಿ: ಮೂಲ ಫೈಲಿನ ಮೊದಲ 64 ಬೈಟುಗಳ ಹೆಕ್ಸ್, ಕೆಟ್ಟ ಪದದ ಹೆಕ್ಸ್, ಆ ಪದ ನಿಜವಾಗಿ ಏನಿರಬೇಕಿತ್ತು, ಫೈಲು ಯಾವ ಯಾವ ಪ್ರೋಗ್ರಾಮು ದಾಟಿ ಬಂತು, ಅವುಗಳ ಆವೃತ್ತಿ ಎಷ್ಟು. ಹೆಸರು, ನಂಬರುಗಳು ಇದ್ದರೆ ಆ ಸಾಲು ಬಿಟ್ಟು ಬೇರೆ ಸಾಲಿನ ಪದ ಆರಿಸಿಕೊಳ್ಳಿ.